ಮಗಳು ಸ್ಟೂಲಿನ ಕಾಲು ಕುಯ್ಸಿದ್ದಾಳೆ! ಈ ಗ್ಲೆನ್ ಗೂಲ್ಡ್ ಯಾರು ಸ್ವಾಮಿ?

ಬನಶಂಕರಿ ಅಪ್ಪ
ಎಲ್ರಿಗೂ ನಮಸ್ಕಾರ. ಸಂಗೀತದ ವಿಭಾಗದಲ್ಲಿ ಬರೀತಿರೋದು ಇದೇ ಮೊದಲು. ನನ್ನ ಸಂಗೀತಜ್ಞಾನ ಅಂದ್ರೆ ರಾಮನವಮಿಗೆ ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ ಕೊನೇ ಸಾಲಲ್ಲಿ ಕೂತು ಕಡಲೆಕಾಯಿ ತಿಂದಷ್ಟೇ. ತಪ್ಪಿದ್ರೆ ಬೈಬೇಡಿ.

ಮಗಳಿಗೆ ಹದಿನೈದು. ಆರು ವರ್ಷದಿಂದ ಪಿಯಾನೋ ಕಲೀತಿದ್ದಾಳೆ. ಚೆನ್ನಾಗೇ ನುಡಿಸ್ತಾಳೆ, ಪರೀಕ್ಷೆಗಳೂ ಪಾಸಾಗಿವೆ. ಎರಡು ತಿಂಗಳ ಹಿಂದೆ ಯಾವನೋ ಗ್ಲೆನ್ ಗೂಲ್ಡ್ ಅನ್ನೋನ ವಿಡಿಯೋ ನೋಡಿದ್ಲು ನೋಡಿ, ಅವತ್ತಿಂದ ಮನೆ ಮನೆಯಾಗಿಲ್ಲ. ಗೂನು ಬೆನ್ನು ಹಾಕ್ಕೊಂಡು ಮೂಗು ಕೀಗೆ ತಾಗೋ ಹಾಗೆ ಕೂರ್ತಾಳೆ. ನುಡಿಸ್ತಾ ನುಡಿಸ್ತಾ ಜೊತೆಗೇ ಗುನುಗ್ತಾಳೆ. ಏಪ್ರಿಲ್ ಸೆಕೆಯಲ್ಲಿ ಉಣ್ಣೆ ಕೈಗವಸು! ಮೂರು ವಾರಕ್ಕೆ ಕ್ಲಾಸಿನ ವಾರ್ಷಿಕೋತ್ಸವ ಇದೆ, ಹೆಸರೂ ಕೊಟ್ಟಾಗಿದೆ. ಈಗ ಹೇಳ್ತಾಳೆ, "ಅಪ್ಪಾ, ನಾನು ಸ್ಟೇಜ್ ಹತ್ತಲ್ಲ. ಗೂಲ್ಡ್ 31ಕ್ಕೇ ಬಿಟ್ಟ. ಮನೇಲೇ ರೆಕಾರ್ಡ್ ಮಾಡಿ ಕಳಿಸ್ತೀನಿ."

ಇದೆಲ್ಲ ಸಹಿಸ್ಕೋಬಹುದು. ಆದ್ರೆ ನಮ್ಮಪ್ಪ ಮಾಡಿಸಿದ್ದ ತೇಗದ ಸ್ಟೂಲೊಂದಿತ್ತು, ದೇವರ ಮನೇಲಿ ಮೇಲಿನ ಗೂಡಿಗೆ ಕೈ ಎಟುಕಿಸೋಕೆ. ಮೊನ್ನೆ ಆಫೀಸಿಂದ ಬಂದು ನೋಡ್ತೀನಿ, ನಾಲ್ಕು ಕಾಲಲ್ಲೂ ನಾಲ್ಕಿಂಚು ಮಾಯ. ಯಾರ ಕೈಲಿ ಕುಯ್ಸಿದ್ಲೋ ಬಾಯಿ ಬಿಡ್ತಿಲ್ಲ. ನಮ್ಮಮ್ಮನಿಗೆ ಇನ್ನೂ ಗೊತ್ತಾದ ಹಾಗಿಲ್ಲ. ಗೊತ್ತಾದ ದಿನ ನಾನು ಊರಲ್ಲಿರಲ್ಲ.

ಈ ಮನುಷ್ಯ ಯಾರು? ಸ್ಟೇಜ್ ಯಾಕೆ ಬಿಟ್ಟ? ಮಗಳಿಗೆ ಏನು ಹೇಳಲಿ?

ಬೈಟು ಕಾಫಿ
ಗೂಲ್ಡ್ ಗೊತ್ತಿಲ್ಲ. ಅಜ್ಜಿಗೆ ಸ್ಟೂಲಿನ ವಿಷಯ ಗೊತ್ತಾಗೋ ದಿನ ದಯವಿಟ್ಟು ಲೈವ್ ಹಾಕಿ.

ಕುಕ್‌ಟೌನ್ ಟೀಚರ್
ನಾನು ಪಿಯಾನೋ ಹೇಳ್ಕೊಡೋಳು, ಇಪ್ಪತ್ತೆರಡು ವರ್ಷ ಆಯ್ತು. ಎರಡು ಮೂರು ವರ್ಷಕ್ಕೊಂದು ಮಗು ಈ ಗೂಲ್ಡ್ ಜ್ವರ ಹತ್ತಿಸ್ಕೊಂಡು ಬರುತ್ತೆ. ಮೈ ಬಿಸಿ ಇರುತ್ತೆ, ಪ್ರಾಣಭಯ ಇಲ್ಲ. ಹೆದರಬೇಡಿ.

ಗೂಲ್ಡ್ ಕೆನಡಾದ ಟೊರಾಂಟೋದ ಪಿಯಾನೋ ವಾದಕರು, ಹುಟ್ಟಿದ್ದು 1932ರ ಸೆಪ್ಟೆಂಬರ್ 25ಕ್ಕೆ. ಅಪ್ಪ ತುಪ್ಪಳದ ಉಡುಪಿನ ವ್ಯಾಪಾರಿ. ಅಮ್ಮ ಹಾಡುಗಾರಿಕೆ ಪಾಠ ಹೇಳ್ತಿದ್ದವರು, ಮೊದಲ ಗುರುವೂ ಅವರೇ. ನುಡಿಸೋದನ್ನೆಲ್ಲ ಹಾಡ್ಕೊಂಡೇ ನುಡಿಸು ಅಂತ ಅಮ್ಮ ಕಲಿಸಿದ್ರು, ಆ ಅಭ್ಯಾಸ ಕೊನೇವರೆಗೂ ಬಿಡ್ಲಿಲ್ಲ. ರೆಕಾರ್ಡುಗಳಲ್ಲಿ ಕೇಳೋ ಗುನುಗು ಅದೇ. ಧ್ವನಿ ಎಂಜಿನಿಯರುಗಳು ತಲೆ ಚಚ್ಕೊಂಡ್ರೂ ಹೋಗ್ಲಿಲ್ಲ.

ಆಮೇಲಿನ ಗುರು ಆಲ್ಬರ್ಟೋ ಗೆರೆರೋ, ಚಿಲಿ ದೇಶದಿಂದ ಬಂದು ಟೊರಾಂಟೋದಲ್ಲಿ ನೆಲೆಸಿದವರು. ತಗ್ಗಲ್ಲಿ ಕೂತು, ತೋಳಿನ ಭಾರ ಹಾಕದೆ ಬೆರಳಿಂದಲೇ ನುಡಿಸೋ ಪದ್ಧತಿ ಅವರದ್ದು. ಅವರದ್ದೊಂದು ಅಭ್ಯಾಸ ಹೇಳ್ತೀನಿ ಕೇಳಿ. ಒಂದು ಕೈ ಕೀ ಮೇಲೆ ಸುಮ್ಮನೆ ಇಡಬೇಕು. ಇನ್ನೊಂದು ಕೈಯಿಂದ ಒಂದೊಂದೇ ಬೆರಳನ್ನ ಮೇಲಿಂದ ತಟ್ಟಬೇಕು. ತಟ್ಟಿಸ್ಕೊಂಡ ಬೆರಳು ತಾನಾಗೇ ಪುಟಿದು ಎದ್ದು ಬರಬೇಕು. ಇಡೀ ಕೃತಿಯನ್ನ ಹೀಗೆ ಒಂದೊಂದು ಸ್ವರ ತಟ್ಟಿ ತಟ್ಟಿ ಮಾಡೋದು. ನಾನು ಒಂದು ಪುಟ ಮಾಡಿ ನೋಡಿದೀನಿ, ನಡುವೆ ಎರಡು ಸಲ ಕಾಫಿಗೆ ಎದ್ದೆ. ಗೂಲ್ಡ್ ಬೆರಳಿನ ಸ್ಫುಟತೆ ಸುಮ್ಮನೆ ಬಂದಿದ್ದಲ್ಲ.

ಸ್ಟೂಲಿನ ವಿಷಯಕ್ಕೆ ಬಂದ್ರೆ ನಿಮ್ಮ ಮಗಳು ತಪ್ಪು ಮಾಡಿಲ್ಲ, ಪಾಠ ಸರಿಯಾಗೇ ಓದಿದ್ದಾಳೆ. ಗೂಲ್ಡ್ ಅಪ್ಪ ಒಂದು ಮಡಚೋ ಕುರ್ಚಿ ತಗೊಂಡು ಕಾಲನ್ನ ನಾಲ್ಕಿಂಚು ಕತ್ತರಿಸಿ, ಒಂದೊಂದು ಕಾಲಿಗೂ ಹಿತ್ತಾಳೆ ಕಟ್ಟು, ತಿರುಪು ಹಾಕಿ ಎತ್ತರ ಏರಿಳಿಸೋ ಹಾಗೆ ಮಾಡಿಕೊಟ್ರು. ನೆಲದಿಂದ ಬರೀ 14 ಇಂಚು. ಗೂಲ್ಡ್ ಆ ಕುರ್ಚಿ ಬಿಟ್ಟು ಬೇರೆ ಕಡೆ ಕೂರ್ತಾನೇ ಇರ್ಲಿಲ್ಲ. ಊರೂರಿಗೆ ಹೊತ್ಕೊಂಡು ಹೋದ್ರು. ಕೊನೆ ಕೊನೆಗೆ ಕೂರೋ ಜಾಗದ ಬಟ್ಟೆಯೆಲ್ಲ ಹರಿದು ಬರೀ ಕಟ್ಟಿಗೆ ಪಟ್ಟಿ ಉಳಿದಿತ್ತು. ಆದ್ರೂ ಅದೇ.

ಬನಶಂಕರಿ ಅಪ್ಪ
ಅಂದ್ರೆ ಅಲ್ಲಿ ಕುಯ್ದದ್ದು ಅಪ್ಪ. ಇಲ್ಲಿ ಅಪ್ಪನ ಕೇಳ್ದೇ ಕುಯ್ದಿದ್ದು. ವ್ಯತ್ಯಾಸ ಇದೆ ಮೇಡಂ.

ಗಾಂಧಿಬಜಾರ್ ರಸಿಕ
ಎಲ್ಲ ಸರಿ. ಕುರ್ಚಿ, ಕೈಗವಸು, ಗುನುಗು, ಇವೆಲ್ಲ ವೇಷ. ನನ್ನ ಪ್ರಶ್ನೆ ಒಂದೇ. ಕಛೇರಿ ಬಿಟ್ಟವನನ್ನ ಸಂಗೀತಗಾರ ಅಂತ ಹೇಗೆ ಕರೀತೀರಿ? ನಾನು ಗಾಯನ ಸಮಾಜದಲ್ಲಿ ನಲವತ್ತು ವರ್ಷದಿಂದ ಕಛೇರಿ ಕೇಳ್ತಿದೀನಿ. ಮುಂದಿನ ಸಾಲಲ್ಲಿ ಒಬ್ಬ ತಲೆದೂಗಿದ್ರೆ ವಿದ್ವಾಂಸನ ಆಲಾಪನೆ ಹತ್ತು ನಿಮಿಷ ಬೆಳೆಯುತ್ತೆ. ಅವನು ಗಡಿಯಾರ ನೋಡಿದ್ರೆ ಅಲ್ಲಿಗೇ ತಾನ. ಕೇಳೋನು ಎದುರಿಗಿಲ್ದೆ ಕೊಠಡಿ ಬಾಗಿಲು ಹಾಕ್ಕೊಂಡು ನುಡಿಸೋದು ಸಾಧಕ. ಸಾಧಕ ಎಲ್ರೂ ಮಾಡ್ತಾರೆ, ಅದಕ್ಕೆ ಟಿಕೆಟ್ ಇಡಲ್ಲ.

ಗ್ರೇಡ್ ಐದು
ಅಂಕಲ್, ಸ್ಟೇಜ್ ಮೇಲೆ ಕೈ ನಡುಗೋದು ನಿಮಗೆ ಗೊತ್ತಿಲ್ಲ. ಕೆಳಗೆ ಕೂತವರಿಗೆ ತಲೆದೂಗೋದು ಸುಲಭ.

ಗಾಂಧಿಬಜಾರ್ ರಸಿಕ
ಮಗೂ, ನಾನೂ ಹದಿನಾಲ್ಕನೇ ವಯಸ್ಸಲ್ಲಿ ವರ್ಣ ಹಾಡೋಕೆ ಕೂತು ಚರಣ ಮರೆತವನೇ. ಅದಕ್ಕೇ ಕೆಳಗೆ ಬಂದು ಕೂತಿದೀನಿ.

ಬೈಟು ಕಾಫಿ
ರಸಿಕರು ಔಟ್! ಮೊದಲನೇ ಓವರಲ್ಲೇ.

ಕುಕ್‌ಟೌನ್ ಟೀಚರ್
ರಸಿಕರೇ, ಸ್ಟೇಜ್ ಸಿಗದೆ ಬಿಟ್ಟವರಲ್ಲ ಅವರು. 1955ರ ಜನವರಿಯಲ್ಲಿ ನ್ಯೂಯಾರ್ಕಿನ ಟೌನ್ ಹಾಲಲ್ಲಿ ಆ ಊರಿನ ಮೊದಲ ಕಛೇರಿ, ಮರುದಿನವೇ ಕೊಲಂಬಿಯಾ ರೆಕಾರ್ಡ್ಸ್‌ನವರು ಒಪ್ಪಂದಕ್ಕೆ ಬಂದ್ರು. ಅದೇ ಜೂನಲ್ಲಿ ಜರ್ಮನಿಯ ಹಳೇ ಸಂಗೀತಕಾರ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ರೆಕಾರ್ಡ್ ಮಾಡಿದ್ರು. ಆಗ ವಯಸ್ಸು 22. ಆ ಕಂಪನಿಗೆ ಮಾಡೋ ಮೊದಲ ರೆಕಾರ್ಡಿಗೆ ಇದೇ ಬೇಕು ಅಂತ ಹುಡುಗ ಪಟ್ಟು ಹಿಡಿದ. ಆ ಕಾಲಕ್ಕೆ ಅದು ಪಂಡಿತರ ಕಪಾಟಿನ ಸಾಮಾನು, ಪಿಯಾನೋಗೂ ಹಿಂದಿನ ಕೀ ವಾದ್ಯ ಹಾರ್ಪ್ಸಿಕಾರ್ಡ್ ನುಡಿಸೋರ ಸೊತ್ತು. 1956ರಲ್ಲಿ ಬಿಡುಗಡೆ ಆದ ಮೇಲೆ ಗೂಲ್ಡ್ ಹೆಸರು ಎಲ್ಲ ಕಡೆ ಹರಡಿತು.

1957ರಲ್ಲಿ ರಷ್ಯಾ. ಶೀತಲ ಸಮರದ ಕಾಲ, ಕೆನಡಾದ ಈ ಹುಡುಗನ ಹೆಸರು ಮಾಸ್ಕೋದಲ್ಲಿ ಯಾರಿಗೂ ಗೊತ್ತಿಲ್ಲ. ಕಛೇರಿ ಶುರುವಾದಾಗ ಸಭಾಂಗಣದಲ್ಲಿ ಎಷ್ಟೋ ಕುರ್ಚಿ ಖಾಲಿ. ಮಧ್ಯಂತರದಲ್ಲಿ ಕೇಳಿದವರೆಲ್ಲ ಫೋನಿಗೆ ಓಡಿ ಗೆಳೆಯರನ್ನ ಕರೆದ್ರು. ಎರಡನೇ ಭಾಗಕ್ಕೆ ಹಾಲ್ ಭರ್ತಿ. ಇದಕ್ಕಿಂತ ದೊಡ್ಡ ತಲೆದೂಗು ಬೇಕಾ ರಸಿಕರೇ?

ಗಾಂಧಿಬಜಾರ್ ರಸಿಕ
ನೋಡಿ, ನನ್ನ ವಾದಕ್ಕೇ ಸಾಕ್ಷಿ ಕೊಟ್ರಿ. ಜನ ಎದ್ದು ಓಡಿ ಫೋನ್ ಮಾಡಿದ್ದು ಎದುರಿಗೆ ಕೂತು ಕೇಳಿದ್ದಕ್ಕೆ!

ನಿದ್ದೆಗೆಟ್ಟ ಟೆಕ್ಕಿ
ನಾನು ಗೋಲ್ಡ್‌ಬರ್ಗ್ ಕೇಳೋದು ಸಿಲ್ಕ್‌ಬೋರ್ಡಿಂದ ಮಾರತ್‌ಹಳ್ಳಿವರೆಗೆ, ಆಫೀಸ್ ಬಸ್ಸಲ್ಲಿ. ಗೂಲ್ಡ್ ಅದನ್ನ ಎರಡು ಸಲ ರೆಕಾರ್ಡ್ ಮಾಡಿದ್ದಾರೆ. 1955ರದ್ದು 38 ನಿಮಿಷ ಚಿಲ್ಲರೆ, 1981ರದ್ದು 51 ನಿಮಿಷ. ಮಳೆ ಇಲ್ಲದ ದಿನ ಮೊದಲನೇದು, ಮಳೆ ಬಂದ್ರೆ ಎರಡನೇದು. ಎರಡೂ ಮುಗಿದ್ರೂ ಬಸ್ಸು ಬೆಳ್ಳಂದೂರಲ್ಲೇ ಇದ್ದ ದಿನಗಳೂ ಇವೆ.

ಅಂದಹಾಗೆ ಇದು ನಿದ್ದೆ ಬಾರದ ಒಬ್ಬ ಕೌಂಟ್‌ಗೋಸ್ಕರ ಬಾಖ್ ಬರೆದದ್ದು, ಗೋಲ್ಡ್‌ಬರ್ಗ್ ಅನ್ನೋ ಹುಡುಗ ರಾತ್ರಿ ಪಕ್ಕದ ಕೋಣೇಲಿ ಕೂತು ನುಡಿಸ್ತಿದ್ದ. ಅದಕ್ಕೇ ಆ ಹೆಸರು.

ಕುಕ್‌ಟೌನ್ ಟೀಚರ್
ಚೆಂದದ ಕತೆ, ನಂಬೋದು ಕಷ್ಟ. ಬಾಖ್ ಸತ್ತು ಐವತ್ತು ವರ್ಷದ ಮೇಲೆ, 1802ರಲ್ಲಿ, ಫೋರ್ಕೆಲ್ ಅನ್ನೋ ಜೀವನಚರಿತ್ರೆಕಾರ ಬರೆದದ್ದು. ಕೃತಿ ಅಚ್ಚಾದದ್ದು 1741ರಲ್ಲಿ, ಆಗ ಗೋಲ್ಡ್‌ಬರ್ಗ್‌ಗೆ ಹದಿನಾಲ್ಕು ವರ್ಷ. ಮುಖಪುಟದಲ್ಲಿ ಯಾವ ಕೌಂಟ್ ಹೆಸರೂ ಇಲ್ಲ.

ನಿದ್ದೆಗೆಟ್ಟ ಟೆಕ್ಕಿ
ಹೋಯ್ತು. ಆಫೀಸಲ್ಲಿ ಎಷ್ಟು ಜನಕ್ಕೆ ಹೇಳಿದ್ದೆ.

ಬೈಟು ಕಾಫಿ
38 ನಿಮಿಷಕ್ಕೆ ಒಂದೇ ಟೇಕಾ? ಪರವಾಗಿಲ್ಲ ಗುರು.

ಸ್ಪೂಲ್ ಟೇಪ್
ಒಂದೇ ಟೇಕಲ್ಲ. ನಾಲ್ಕು ದಿನ ಹಿಡೀತು. ನಾನು ರೇಡಿಯೋದಲ್ಲಿ ಧ್ವನಿ ವಿಭಾಗದಲ್ಲಿದ್ದು ನಿವೃತ್ತನಾದವನು. ಈ ಭಾಗ ನನಗೆ ಬಿಟ್ಬಿಡಿ.

ಆಗಿನ ಸಂಕಲನ ಅಂದ್ರೆ ಬ್ಲೇಡಿನ ಕೆಲಸ. ಸ್ಪೂಲನ್ನ ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿ, ಸ್ವರ ಹುಟ್ಟೋ ಜಾಗ ಕಿವಿಯಲ್ಲೇ ಹಿಡಿದು, ಮೇಣದ ಪೆನ್ಸಿಲಲ್ಲಿ ಗುರುತು ಹಾಕ್ಬೇಕು. ಟೇಪನ್ನ ಲೋಹದ ಅಚ್ಚಿನ ತೋಡಿನಲ್ಲಿ ಕೂರಿಸಿ ಓರೆಯಾಗಿ ಕತ್ತರಿಸಬೇಕು. ನೇರ ಕತ್ತರಿಸಿದ್ರೆ ಟಕ್ ಅಂತ ಕೇಳುತ್ತೆ, ಓರೆ ಕತ್ತರಿಸಿದ್ರೆ ಒಂದು ಸದ್ದು ಇನ್ನೊಂದಕ್ಕೆ ಜಾರುತ್ತೆ. ಆಮೇಲೆ ಎರಡು ತುದಿ ಸೇರಿಸಿ ಹಿಂಬದಿಗೆ ಅಂಟುಪಟ್ಟಿ. ನಾನು ಒಂದು ಭಾಷಣದಿಂದ ಕೆಮ್ಮು ತೆಗೆಯೋಕೆ ಹೋಗಿ ಭಾಷಣಕಾರರ "ಅಲ್ಲ" ಅನ್ನೋದನ್ನೂ ತೆಗೆದು, ಮಾತಿನ ಅರ್ಥವೇ ತಿರುಗುಮುರುಗಾಗಿ ಬೈಸ್ಕೊಂಡಿದೀನಿ.

ಗೂಲ್ಡ್ 1966ರಲ್ಲಿ ರೆಕಾರ್ಡಿಂಗಿನ ಭವಿಷ್ಯದ ಬಗ್ಗೆ ಒಂದು ಉದ್ದದ ಲೇಖನ ಬರೆದ. ಅದರಲ್ಲಿ ತನ್ನದೇ ಉದಾಹರಣೆ ಕೊಡ್ತಾನೆ. ಬಾಖ್‌ನ ವೆಲ್ ಟೆಂಪರ್ಡ್ ಕ್ಲೇವಿಯರ್ ಮೊದಲ ಪುಸ್ತಕದ ಎ ಮೈನರ್ ಫ್ಯೂಗ್, ಅಂದ್ರೆ ಒಂದೇ ಎಳೆಯನ್ನ ಹಲವು ಧ್ವನಿಗಳು ಒಂದರ ಹಿಂದೊಂದು ಹಿಡಿದು ಹೆಣೆಯೋ ರಚನೆ. ಎಂಟು ಟೇಕ್ ಆಯ್ತು. ಆರನೇದು, ಎಂಟನೇದು, ಎರಡರಲ್ಲೂ ತಪ್ಪಿಲ್ಲ. ಆರನೇದು ಗಂಭೀರ, ಸ್ವರ ಸ್ವರ ಅಂಟ್ಕೊಂಡು ಹೋಗುತ್ತೆ. ಎಂಟನೇದು ಬಿಡಿಬಿಡಿ, ಚಿಮ್ಮುತ್ತೆ. ಆಗ ಎರಡೂ ಸರಿ ಅನ್ನಿಸಿತ್ತು. ವಾರಗಳಾದ ಮೇಲೆ ಕೇಳಿದ್ರೆ ಎರಡೂ ಬೇಜಾರು, ಒಂದೊಂದೂ ಒಂದೇ ಭಾವಕ್ಕೆ ಅಂಟ್ಕೊಂಡಿದೆ. ಆರರಿಂದ ಶುರು ಮಾಡಿ, ನಡುವಿಗೆ ಎಂಟು ಹಾಕಿ, ಮುಗಿಸೋಕೆ ಮತ್ತೆ ಆರಕ್ಕೆ ಬಂದ್ರು. ಕಾಲಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇದ್ದದ್ದರಿಂದ ಬ್ಲೇಡು ಹಾಕೋಕೆ ಆಯ್ತು. ಹೀಗೆ ಕೂಡಿಸಿದ್ದು ಸ್ಟುಡಿಯೋದಲ್ಲಿ ನುಡಿಸಿದ ಯಾವ ಒಂದು ಟೇಕಿಗಿಂತಲೂ ಚೆನ್ನಾಗಿದೆ ಅಂತ ಗೂಲ್ಡ್ ವಾದ. ನನ್ನ ಮಟ್ಟಿಗೆ ಸಂಕಲನದ ಬಗ್ಗೆ ಒಬ್ಬ ಕಲಾವಿದ ಬರೆದ ಅತ್ಯಂತ ಪ್ರಾಮಾಣಿಕ ಮಾತು ಇದು.

ಗಾಂಧಿಬಜಾರ್ ರಸಿಕ
ಪ್ರಾಮಾಣಿಕವೇ? ಎರಡು ತುಂಡು ಅಂಟಿಸಿ ಒಂದೇ ಉಸಿರಿಂದು ಅಂತ ಮಾರೋದು ಮೋಸ ಸಾರ್. ನಾಳೆ ಒಬ್ಬ ವಿದ್ವಾಂಸ ಬೆಳಿಗ್ಗೆ ಹಾಡಿದ ಪಲ್ಲವಿಗೆ ರಾತ್ರಿ ಹಾಡಿದ ಅನುಪಲ್ಲವಿ ಅಂಟಿಸಿದ್ರೆ ಒಪ್ತೀರಾ?

ಸ್ಪೂಲ್ ಟೇಪ್
ನೀವು ಬರೆದ ಈ ಕಾಮೆಂಟನ್ನೇ ಎರಡು ಸಲ ತಿದ್ದಿದ್ದೀರಿ, ಕೆಳಗೆ ತೋರಿಸ್ತಿದೆ.

ಧಾರವಾಡ ಪೇಡೆ
ಏ ಏನ್ರೀ ನೀವು, ಸ್ಟೇಜ್ ಬಿಟ್ಟ ಅಂತ ಇಷ್ಟ್ ಗದ್ಲಾ ಹಚ್ಚೀರಿ. ಅಂವಾ ಭೂಮೀನs ಬಿಟ್ಟಾನ! 1977ರಾಗ ಅಮೆರಿಕಾದವ್ರು ವಾಯೇಜರ್ ಅಂತ ಎರಡು ನೌಕಾ ಬಿಟ್ರಲ್ಲ, ಅದರಾಗ ಬಂಗಾರದ ಮುಲಾಮಿನ ತಾಮ್ರದ ರೆಕಾರ್ಡ್ ಇಟ್ಟಾರ. ಅದರಾಗ ಗೂಲ್ಡ್ ನುಡಿಸಿದ ಬಾಖ್ ಐತಿ, ಸಿ ಮೇಜರ್ ಪ್ರಿಲ್ಯೂಡ್, ಫ್ಯೂಗ್. ಅದs ರೆಕಾರ್ಡಿನಾಗ ಕೇಸರಬಾಯಿ ಕೇರ್ಕರ್ ಅವರ ಭೈರವಿ, "ಜಾತ್ ಕಹಾಂ ಹೋ". ಎಲ್ಲಿಗೆ ಹೊಂಟೀ ಅಂತ ಕೇಳೂ ಹಾಡು ನೋಡ್ರಿ, ಆ ನೌಕಾ ಎಲ್ಲಾ ಗ್ರಹಾನೂ ದಾಟಿ ಹೊಂಟೈತಿ. ಇನ್ನ ನಿಮ್ಮ ಗಾಯನ ಸಮಾಜ ಎಷ್ಟ್ ದೂರ?

ಬೈಟು ಕಾಫಿ
ಅಲ್ಲಿ ಮುಂದಿನ ಸಾಲಲ್ಲಿ ತಲೆದೂಗೋರು ಯಾರು ಅಂತ ರಸಿಕರು ಕೇಳ್ತಾರೆ ಈಗ.

ಗಾಂಧಿಬಜಾರ್ ರಸಿಕ
ಕೇಳಬೇಕು ಅಂತಿದ್ದೆ. ಕೇಸರಬಾಯಿ ಹೆಸರು ಬಂತು ಅಂತ ಸುಮ್ಮನಾದೆ.

ಹಳೇ ಪಿಯಾನೋ
ಪಿಯಾನೋ ಸಾಗಿಸೋದರ ಬಗ್ಗೆ ಯಾರಾದ್ರೂ ಕೇಳ್ತೀರೇನೋ ಅಂತ ಕಾಯ್ತಿದ್ದೆ. ಯಾರೂ ಕೇಳ್ಲಿಲ್ಲ, ನಾನೇ ಹೇಳ್ತೀನಿ.

ಅಜ್ಜಿ ಕಾಲದ ಅಪ್‌ರೈಟ್ ಪಿಯಾನೋ ರಿಚರ್ಡ್ಸ್ ಟೌನಿಂದ ಜೆ.ಪಿ. ನಗರಕ್ಕೆ ತರಿಸಿದ್ವಿ. ಬಂದವರು "ಸಾರ್, ಬೀರೂ ಎತ್ತೋರು ನಾವು, ಇದೇನ್ ಮಹಾ" ಅಂದ್ರು. ಎರಡನೇ ಮಹಡಿ ತಿರುವಲ್ಲಿ ಒಬ್ಬನ ಕೈ ಜಾರಿತು. ಬಿದ್ದದ್ದು ಎರಡೇ ಮೆಟ್ಟಿಲು. ಆಮೇಲೆ ಬಂದ ಟ್ಯೂನರ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಒಳಗಿನ ಎರಕದ ಚೌಕಟ್ಟಲ್ಲಿ ಕೂದಲೆಳೆಯಷ್ಟು ಬಿರುಕು ತೋರಿಸಿದ. ಎಲ್ಲ ತಂತಿಯ ಬಿಗಿತ ಹೊತ್ತಿರೋದು ಅದೇ. ಈಗ ಅದರ ಮೇಲೆ ಫೋಟೋ ಇಟ್ಟಿದೀವಿ. ಮಳೆಗಾಲದಲ್ಲಿ ಥಂಡಿ ಹಿಡೀಬಾರ್ದು ಅಂತ ಒಳಗೆ ಹಾಕಿದ್ದ ಹದಿನೈದು ವ್ಯಾಟಿನ ಬಲ್ಬು ಇನ್ನೂ ಉರೀತಾ ಇದೆ, ಅಮ್ಮ ಆರಿಸೋಕೆ ಬಿಡಲ್ಲ.

ಗೂಲ್ಡ್‌ಗೂ ಇದೇ ಆಗಿದ್ದು. ಸ್ಟೈನ್‌ವೇ ಸಿಡಿ 318 ಅನ್ನೋ ಪಿಯಾನೋ ಅಂದ್ರೆ ಪ್ರಾಣ. ಕೀ ಮುಟ್ಟಿದ್ರೆ ಸಾಕು ಅನ್ನೋಷ್ಟು ಹಗುರ ಮಾಡಿಸ್ಕೊಂಡಿದ್ರು. ಹಗುರ ಮಾಡಿಸಿದ್ದು ಅತಿಯಾಗಿ ನಡುವಿನ ಕೆಲವು ಸ್ವರ ಒಂದು ಸಲ ಒತ್ತಿದ್ರೆ ಎರಡು ಸಲ ಬಿಕ್ಕಳಿಸೋದು. 1964ರ ಬಾಖ್ ಇನ್ವೆನ್ಷನ್ಸ್ ರೆಕಾರ್ಡಿನ ಕವರಲ್ಲಿ "ನಿಮ್ಮ ಯಂತ್ರದ ದೋಷ ಅಲ್ಲ" ಅನ್ನೋ ಧಾಟಿಯಲ್ಲಿ ಅವರೇ ಟಿಪ್ಪಣಿ ಬರೀಬೇಕಾಯ್ತು. ಅದನ್ನ ಹದ್ದುಬಸ್ತಿನಲ್ಲಿ ಇಟ್ಟಿದ್ದು ವರ್ನ್ ಎಡ್‌ಕ್ವಿಸ್ಟ್ ಅನ್ನೋ ಟ್ಯೂನರ್, ಕಣ್ಣು ಹೆಚ್ಚುಕಡಿಮೆ ಕಾಣ್ತಿರ್ಲಿಲ್ಲ ಅವರಿಗೆ. 1971ರಲ್ಲಿ ಸಾಗಿಸೋವಾಗ ಯಾರೋ ಬೀಳಿಸಿದ್ರು, ಚೌಕಟ್ಟು ಬಿರುಕು. ರಿಪೇರಿ ಆಯ್ತು, ಹಳೇ ನಾದ ಬರ್ಲಿಲ್ಲ. 1981ರ ಗೋಲ್ಡ್‌ಬರ್ಗ್ ನುಡಿಸಿದ್ದು ಯಮಾಹಾ ಮೇಲೆ.

ಬೈಟು ಕಾಫಿ
ಬೀರೂ ಎತ್ತೋರು ಕೆನಡಾದಲ್ಲೂ ಇದ್ದಾರೆ ಅಂತಾಯ್ತು.

ಒಂಟಿಕೊಪ್ಪಲ್
ಬೆಂಗಳೂರಿನವರೆಲ್ಲ ಕೆನಡಾಕ್ಕೆ ಹೋದ್ರಿ, ನೂರೈವತ್ತು ಕಿಲೋಮೀಟರ್ ದೂರದ ಮೈಸೂರು ಕಾಣ್ಲಿಲ್ಲ. ಪಿಯಾನೋ ಅಂದ್ಮೇಲೆ ಜಯಚಾಮರಾಜೇಂದ್ರ ಒಡೆಯರ್ ಹೆಸರು ಬರದೇ ಇದ್ರೆ ಹೇಗೆ? ಕಛೇರಿ ಪಿಯಾನೋ ವಾದಕ ಆಗ್ಬೇಕು ಅಂತಲೇ ಆಸೆ ಇದ್ದವರು. 1940ರಲ್ಲಿ ಮಾರ್ಚಿನಲ್ಲಿ ತಂದೆ, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರು ತೀರಿಹೋದ್ರು. 21 ವರ್ಷದ ಹುಡುಗನ ಪಾಲಿಗೆ ಸಿಂಹಾಸನ ಬಂತು. ಆದ್ರೂ ಪಿಯಾನೋ ಬಿಡ್ಲಿಲ್ಲ, ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್ ಆದ್ರು.

ನಿಕೊಲಾಯ್ ಮೆಟ್ನರ್ ಅಂತ ರಷ್ಯಾದ ಪಿಯಾನೋ ವಾದಕ, ವಾಗ್ಗೇಯಕಾರ. ಲಂಡನ್ನಲ್ಲಿ ಕಾಯಿಲೆ, ಬಡತನ, ಕೇಳೋರಿಲ್ಲ. ಅವರ ಕೃತಿಗಳನ್ನ ಅವರ ಕೈಯಲ್ಲೇ ನುಡಿಸಿ ರೆಕಾರ್ಡ್ ಮಾಡಿಸೋಕೆ ಹಣ ಕೊಟ್ಟದ್ದು ಮೈಸೂರು ಮಹಾರಾಜರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಸರ್ಟೋವನ್ನ (ಆರ್ಕೆಸ್ಟ್ರಾ ಜೊತೆ ನುಡಿಸೋ ಕೃತಿ) ಮಹಾರಾಜರಿಗೇ ಅರ್ಪಿಸಿದ್ರು. ಇವತ್ತು ಜಗತ್ತಲ್ಲಿ ಯಾರೇ ಆ ಕೃತಿಯ ಪುಸ್ತಕ ತೆಗೆದ್ರೂ ಮೈಸೂರಿನ ಹೆಸರು ಕಾಣುತ್ತೆ. ಗೂಲ್ಡ್ ತಲೆ ಮೇಲಿಟ್ಕೊಂಡಿದ್ದ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರಲ್ಲಿ ಲಂಡನ್ನಲ್ಲಿ ಮೊದಲ ಸಲ ಹಾಡಿಸಿದಾಗಲೂ ಹಣದ ಬೆಂಬಲ ಇವರದ್ದೇ. ಜೊತೆಗೆ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ. ಸ್ಟೇಜ್ ಬೇಕು ಅಂದವರಿಗೆ ಸಿಂಹಾಸನ ಸಿಕ್ತು, ಸ್ಟೇಜ್ ಸಿಕ್ಕಿದವನು ಬೇಡ ಅಂದ.

ಗಾಂಧಿಬಜಾರ್ ರಸಿಕ
94 ಗೊತ್ತಿತ್ತು. ಮೆಟ್ನರ್ ಗೊತ್ತಿರ್ಲಿಲ್ಲ. ನಿಮಗೆ ಒಂದು ನಮಸ್ಕಾರ.

ಮಾಡರೇಟರ್
ಮೈಸೂರು ಬೇಕಿದ್ರೆ ಬೇರೆ ಎಳೆ ತೆಗೀರಿ. ಸ್ಟೂಲಿಗೆ ಬನ್ನಿ.

ನರ್ಸಕ್ಕ
ಸ್ಟೂಲಿಗೇ ಬರ್ತೀನಿ. ಇಷ್ಟೂ ಜನ ಹೊಗಳಿದ್ರಿ, ದೇಹದ ವಿಷಯ ಒಬ್ಬರೂ ಎತ್ತಲಿಲ್ಲ. ಗೂಲ್ಡ್‌ಗೆ ಕಾಯಿಲೆ ಭಯ ವಿಪರೀತ. ಬೇಸಿಗೆಯಲ್ಲೂ ಓವರ್‌ಕೋಟು, ಮಫ್ಲರು. ಫ್ಲೋರಿಡಾದಲ್ಲಿ ಪಾರ್ಕಿನ ಬೆಂಚಲ್ಲಿ ಹೀಗೇ ಕೂತಿದ್ದಾಗ ಅಲೆಮಾರಿ ಅಂತ ಪೊಲೀಸರೇ ಹಿಡಿದಿದ್ರು. ಕಛೇರಿಗೆ ಮುಂಚೆ ಬಿಸಿನೀರಲ್ಲಿ ಕೈ ಅದ್ದಿಟ್ಕೊಳ್ಳೋರು. ಕಂಪನಿಯವನೊಬ್ಬ ಹೆಗಲ ಮೇಲೆ ಕೈ ಹಾಕಿ ನೋವು ಮಾಡಿದ ಅಂತ ಸ್ಟೈನ್‌ವೇ ಕಂಪನಿ ಮೇಲೇ ಕೇಸು ಹಾಕಿದ್ರು. ಮಾತ್ರೆ ಡಬ್ಬಿಗಳ ರಾಶಿ. 1977ರ ಸುಮಾರಿಗೆ ಕೈ ಸ್ವಾಧೀನ ತಪ್ಪಿ, ತಿಂಗಳುಗಟ್ಟಲೆ ಮಣಿಕಟ್ಟು ಹೀಗಿಟ್ಟೆ, ಬೆರಳು ಹಾಗಿಟ್ಟೆ ಅಂತ ದಿನಚರಿ ಬರೆದಿದ್ದಾರೆ. ಐವತ್ತನೇ ಹುಟ್ಟುಹಬ್ಬ ಆಗಿ ಎರಡು ದಿನಕ್ಕೆ ಸ್ಟ್ರೋಕ್. 1982ರ ಅಕ್ಟೋಬರ್ 4ಕ್ಕೆ ಹೋದ್ರು. ಇದರಲ್ಲಿ ಚೆಂದ ಏನಿದೆ? ಮಗಳಿಗೆ ಬೆರಳು ಕಲೀಲಿ ಅನ್ನಿ, ಬೆನ್ನು ಕಲಿಯೋದು ಬೇಡ. ಹದಿನೈದು ವರ್ಷದ ಬೆನ್ನು ಅದು.

ಗ್ರೇಡ್ ಐದು
ಆಸ್ತಿಯಲ್ಲಿ ಹೆಚ್ಚಿನ ಪಾಲನ್ನ ಸಾಲ್ವೇಷನ್ ಆರ್ಮಿಗೂ ಟೊರಾಂಟೋದ ಪ್ರಾಣಿದಯಾ ಸಂಘಕ್ಕೂ ಬರೆದಿಟ್ಟಿದ್ರು. ಇದನ್ನೂ ಹೇಳಿ ಆಂಟಿ. ಚಿಕ್ಕವರಿದ್ದಾಗ ಸಾಕಿದ ಮೀನುಗಳಿಗೆ ಬಾಖ್, ಬೆಥೋವನ್, ಹೇಡನ್, ಶೋಪಾನ್ ಅಂತ ಹೆಸರು. ಗಿಳಿಗೆ ಮೊಜಾರ್ಟ್.

ಕುಕ್‌ಟೌನ್ ಟೀಚರ್
ದೊಡ್ಡವರಾದ ಮೇಲೆ ಅದೇ ಮೊಜಾರ್ಟ್ ಬೇಗ ಸಾಯ್ಲಿಲ್ಲ, ತಡವಾಗಿ ಸತ್ತ ಅಂದ್ರು. ಅದನ್ನ ಮಾತ್ರ ನಾನು ಕ್ಷಮಿಸಲ್ಲ.

ಗಾಂಧಿಬಜಾರ್ ರಸಿಕ
ನಿನ್ನೆ ರಾತ್ರಿ ಕೂತು 1981ರದ್ದು ಪೂರ್ತಿ ಕೇಳಿದೆ. ಎರಡು ಸಲ. ಮನೆಯವಳು "ಏನ್ರೀ ಅದು, ಯಾರೋ ನರಳ್ತಿದ್ದಾರೆ" ಅಂತ ಅಡುಗೆ ಮನೆಯಿಂದ ಬಂದಳು. ಗುನುಗು ಅಷ್ಟು ಕೇಳುತ್ತೆ.

ಮೊದಲ ಸಲ ಏನೂ ಹತ್ತಲಿಲ್ಲ. ಒಂದು ಮಟ್ಟು ಹೇಳಿ ಅದನ್ನೇ ಮೂವತ್ತು ಥರ ಸಂಗತಿ ಹಾಕ್ತಾನೆ ಅಂದ್ಕೊಂಡಿದ್ದೆ. ಆ ಮಟ್ಟು ಮತ್ತೆ ಬರೋದೇ ಇಲ್ಲ! ತಾಳ ಹಾಕ್ತಾ ಹೋದ್ರೆ ಕೈ ತಪ್ಪುತ್ತೆ. ಟೀಚರಮ್ಮಾ, ಏನಿದರ ಲೆಕ್ಕ?

ಕುಕ್‌ಟೌನ್ ಟೀಚರ್
ಮೇಲಿನ ಮಟ್ಟು ಬಿಡಿ, ಕೆಳಗೆ ಎಡಗೈ ಕೇಳಿ. ಮೊದಲು ಬರೋ ಹಾಡಿನಂಥ ತುಂಡಿಗೆ ಏರಿಯಾ ಅಂತಾರೆ, ಅದರ ಮಂದ್ರದ ನಡೆ 32 ಅಳತೆ, ನಮ್ಮ ಆವರ್ತದ ಹಾಗೆ. ಮೂವತ್ತು ವೇರಿಯೇಷನ್ನಿಗೂ ಆಧಾರ ಆ ನಡೆಯೇ, ಮೇಲಿನ ಮಟ್ಟಲ್ಲ. ಮುಂದೆ ಏರಿಯಾ, ಕೊನೆಗೆ ಮತ್ತೆ ಏರಿಯಾ, ಒಟ್ಟು 32 ತುಂಡು. ಪ್ರತಿ ಮೂರನೇದು ಕ್ಯಾನನ್, ಅಂದ್ರೆ ಒಂದು ಧ್ವನಿ ಹಾಡಿದ್ದನ್ನೇ ಇನ್ನೊಂದು ಸ್ವಲ್ಪ ಬಿಟ್ಟು ಹಿಂದೆ ಹಾಡ್ಕೊಂಡು ಬರುತ್ತೆ. ಮೊದಲ ಕ್ಯಾನನ್ನಲ್ಲಿ ಇಬ್ಬರೂ ಒಂದೇ ಸ್ವರದಲ್ಲಿ, ಮುಂದಿನದರಲ್ಲಿ ಒಂದು ಸ್ವರ ಅಂತರ, ಹೀಗೆ ಒಂಬತ್ತನೇ ಅಂತರದವರೆಗೆ. ಇನ್ನು ಹತ್ತನೇದು ಬರಬೇಕು ಅನ್ನೋ ಜಾಗಕ್ಕೆ ಬಾಖ್ ಹಳ್ಳಿ ಹಾಡುಗಳನ್ನ ತಂದು ಕೂರಿಸ್ತಾರೆ, ಅದರಲ್ಲೊಂದು ಕೋಸು, ಟರ್ನಿಪ್ಪಿನ ಹಾಡು. ಲೆಕ್ಕದ ಮೇಷ್ಟ್ರು ಕೊನೇ ದಿನ ಪಾಠ ಬಿಟ್ಟು ಜೋಕ್ ಹೇಳಿದ ಹಾಗೆ.

ಗಾಂಧಿಬಜಾರ್ ರಸಿಕ
ಮಂದ್ರ ಹಿಡ್ಕೊಂಡು ಕೇಳಿದೆ. ಸಿಕ್ತು. ಇಪ್ಪತ್ತೈದನೇದು ಯಾರೂ ಮಾತಾಡಬೇಡಿ ಅನ್ನೋ ಹಾಗಿದೆ.

ಸ್ಟೇಜ್ ವಿಷಯದಲ್ಲಿ ನನ್ನ ಮಾತು ಬದಲಾಗಲ್ಲ. ಆದ್ರೆ ಒಂದು ಒಪ್ಕೋತೀನಿ. ಕೊಳಲು ಮಾಲಿಯವರು ಬರ್ತಾರೋ ಇಲ್ವೋ, ಬಂದ್ರೆ ಪೂರ್ತಿ ನುಡಿಸ್ತಾರೋ ನಡುವೆ ಎದ್ದು ಹೋಗ್ತಾರೋ ಅಂತ ಸಭಾದವರು ಎದೆ ಹಿಡ್ಕೊಂಡು ಕಾಯ್ತಿದ್ದ ಕಾಲ ಇತ್ತು. ಅವರನ್ನ ನಾವು ಬೈದ್ವಿ, ಮತ್ತೆ ಮುಂದಿನ ಸಲ ಟಿಕೆಟ್ ತಗೊಂಡ್ವಿ. ಅವರಿಗೆ ಸ್ಟುಡಿಯೋದಲ್ಲಿ ಸುಮ್ಮನೆ ಕೂತು ನುಡಿಸಿ ಅಂತ ಯಾರಾದ್ರೂ ಬಿಟ್ಟಿದ್ರೆ ನಮ್ಮ ಹತ್ರ ಇನ್ನೆಷ್ಟು ಇರ್ತಿತ್ತೋ.

ಸ್ಪೂಲ್ ಟೇಪ್
ಈ ಮಾತಿಗೆ ನಾನು ಎರಡು ದಿನದಿಂದ ಕಾಯ್ತಿದ್ದೆ.

ನಿದ್ದೆಗೆಟ್ಟ ಟೆಕ್ಕಿ
ಬರ್ನ್‌ಸ್ಟೈನ್ ಗಲಾಟೆ ಯಾರೂ ಹೇಳ್ಲಿಲ್ಲ. 1962ರಲ್ಲಿ ಗೂಲ್ಡ್ ಜೊತೆ ಆರ್ಕೆಸ್ಟ್ರಾ ನಡೆಸೋಕೆ ಆಗಲ್ಲ ಅಂತ ಬರ್ನ್‌ಸ್ಟೈನ್ ಸ್ಟೇಜಿಂದ ಇಳಿದು ಹೋದ್ರಂತೆ.

ಕುಕ್‌ಟೌನ್ ಟೀಚರ್
ಇಳಿದು ಹೋಗ್ಲಿಲ್ಲ, ನಡೆಸಿದ್ರು. ಬ್ರಾಮ್ಸ್‌ನ ಮೊದಲ ಕಾನ್ಸರ್ಟೋ. ಗೂಲ್ಡ್ ಬಹಳ ವಿಳಂಬದಲ್ಲಿ ನುಡಿಸ್ತೀನಿ ಅಂತ ಹಟ. ಬರ್ನ್‌ಸ್ಟೈನ್ ಶುರು ಮಾಡೋ ಮುಂಚೆ ಜನರ ಕಡೆ ತಿರುಗಿ, ಹೆದರಬೇಡಿ, ಗೂಲ್ಡ್ ಬಂದಿದ್ದಾರೆ ಅಂತ ನಗಿಸಿ, ಈ ನಡೆಗೆ ನನ್ನ ಒಪ್ಪಿಗೆ ಇಲ್ಲ, ಆದ್ರೂ ಕೇಳೋ ಹಾಗಿದೆ, ಅದಕ್ಕೇ ನಡೆಸ್ತೀನಿ ಅಂದ್ರು. ಯಜಮಾನ ಯಾರು, ನುಡಿಸೋನೋ ನಡೆಸೋನೋ ಅಂತ ಪ್ರಶ್ನೆಯನ್ನೂ ಹಾಕಿದ್ರು.

ಗಾಂಧಿಬಜಾರ್ ರಸಿಕ
ಕಾಲಪ್ರಮಾಣದ ಜಗಳ! ಪಕ್ಕವಾದ್ಯದವರು ಮೈಕ್ ಹಿಡಿದು ದೂರು ಹೇಳಿದ ಹಾಗಾಯ್ತು. ನಮ್ಮಲ್ಲಿ ಮೃದಂಗದವರು ಬಾಯಲ್ಲಿ ಹೇಳಲ್ಲ, ತನಿಯಲ್ಲಿ ತೀರಿಸ್ಕೋತಾರೆ.

ಕುಕ್‌ಟೌನ್ ಟೀಚರ್
ಅದೇ ವರ್ಷ ಗೂಲ್ಡ್ ಚಪ್ಪಾಳೆ ನಿಷೇಧಿಸಿ ಅಂತ ಲೇಖನ ಬರೆದ್ರು. ಎರಡು ವರ್ಷಕ್ಕೆ, 1964ರ ಏಪ್ರಿಲ್ 10ಕ್ಕೆ ಲಾಸ್ ಏಂಜಲಿಸ್‌ನಲ್ಲಿ ಕೊನೆ ಕಛೇರಿ. ವಿದಾಯ ಭಾಷಣ ಇಲ್ಲ, ಹಾರ ಶಾಲು ಇಲ್ಲ. ಅವತ್ತು ಕೇಳಿ ಮನೆಗೆ ಹೋದವರಿಗೆ ಇದೇ ಕೊನೇದು ಅಂತ ಗೊತ್ತೂ ಇರ್ಲಿಲ್ಲ. ಆಮೇಲೆ ಹದಿನೆಂಟು ವರ್ಷ ಸ್ಟುಡಿಯೋ, ರೇಡಿಯೋ, ಟಿವಿ.

ಬನಶಂಕರಿಯವರೇ, ಮಗಳಿಗೆ ಇದೊಂದು ಹೇಳಿ. ಅವರು ಬಿಟ್ಟದ್ದು ಸುಮಾರು ಇನ್ನೂರು ಕಛೇರಿ ಕೊಟ್ಟು. ಇವಳು ಒಂದಾದ್ರೂ ಕೊಟ್ಟು ಬಿಡಲಿ.

ಬನಶಂಕರಿ ಅಪ್ಪ
ಎಲ್ರಿಗೂ ಥ್ಯಾಂಕ್ಸ್. ವಾರದಿಂದ ಓದ್ತಿದೀನಿ. ಬರೆಯೋಕೆ ಆಗ್ಲಿಲ್ಲ, ಮನೇಲಿ ಸ್ಟುಡಿಯೋ ಶುರುವಾಗಿದೆ.

ಟೀಚರ್ ಹೇಳಿದ ಇನ್ನೂರರ ಲೆಕ್ಕ ಮಗಳಿಗೆ ಹೇಳಿದೆ. "ಹಾಗಾದ್ರೆ ಇನ್ನೂರು ಟೇಕ್ ಕೊಡ್ತೀನಿ" ಅಂದ್ಲು. ನಿನ್ನೆ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಏರಿಯಾ ರೆಕಾರ್ಡಿಂಗ್. ಆ ಹೊತ್ತಲ್ಲಿ ಮಾತ್ರ ರಿಂಗ್ ರೋಡ್ ಸದ್ದು ಇರಲ್ಲ. ಮೊದಲ ಟೇಕಲ್ಲಿ ಹಾಲಿನವನ ಬೆಲ್ಲು. ಎರಡನೇದರಲ್ಲಿ ನನ್ನ ಸೀನು. ಮೂರನೇದು ಸರಿ ಹೋಗ್ತಿತ್ತು, ಕೊನೇ ಸಾಲಿಗೆ ಬರೋ ಹೊತ್ತಿಗೆ ಮೇಲಿನ ಮನೆಯವರ ಕುಕ್ಕರ್ ಕೂಗಿತು. ಸ್ಪೂಲ್ ಟೇಪ್ ಸಾರ್, ಮೂರನೇದರ ಮೊದಲ ಭಾಗಕ್ಕೆ ನಾಲ್ಕನೇದರ ಕೊನೆ ಅಂಟಿಸಬಹುದಾ ಅಂತ ಕೇಳ್ತಿದ್ದಾಳೆ.

ಸ್ಪೂಲ್ ಟೇಪ್
ಕಾಲಪ್ರಮಾಣ ಎರಡರಲ್ಲೂ ಒಂದೇ ಇದ್ರೆ ಅಂಟುತ್ತೆ. ಎರಡೂ ಕಳಿಸಿ. ಕುಕ್ಕರ್ ಇರೋದನ್ನೂ ಕಳಿಸಿ, ಕೇಳೋಣ.

ನರ್ಸಕ್ಕ
ಬೆನ್ನು?

ಬನಶಂಕರಿ ಅಪ್ಪ
ಹಿಂದೆ ದಿಂಬು ಇಟ್ಟಿದೀವಿ ಅಕ್ಕ. ನೇರ ಕೂರು ಅಂದ್ರೆ ಅರ್ಧ ನೇರ ಆಗ್ತಾಳೆ.

ಬೈಟು ಕಾಫಿ
ಅದೆಲ್ಲ ಇರ್ಲಿ. ಅಜ್ಜಿ? ಸ್ಟೂಲು? ಇಡೀ ಎಳೆ ಓದಿದ್ದೇ ಅದಕ್ಕೆ.

ಬನಶಂಕರಿ ಅಪ್ಪ
ಹೇಳ್ಬಾರ್ದು ಅಂತಿದ್ದೆ. ನಿನ್ನೆ ಧೈರ್ಯ ಮಾಡಿ ಅಮ್ಮನ ಹತ್ರ ನಾನೇ ಬಾಯಿಬಿಟ್ಟೆ, "ಅಮ್ಮಾ, ಅಪ್ಪನ ಸ್ಟೂಲು..." ಅಂತ. ಹೂ ಕಟ್ತಾ ಕೂತಿದ್ರು, ತಲೆ ಎತ್ತಲಿಲ್ಲ. "ಗೊತ್ತು. ಬಡಗಿಗೆ ಇನ್ನೂರು ಕೊಟ್ಟೋಳು ನಾನೇ. ಆ ಸ್ಟೂಲು ಮೊದಲಿಂದ್ಲೂ ಎತ್ತರ ಕಣೋ, ಕೂತ್ರೆ ನಂಗೂ ಕಾಲು ನೆಲಕ್ಕೆ ಸಿಕ್ತಿರ್ಲಿಲ್ಲ. ನಿಮ್ಮಪ್ಪನಿಗೆ ನಲವತ್ತು ವರ್ಷ ಹೇಳಿದೆ, ಕೇಳ್ಲಿಲ್ಲ."

ಈಗ ಬೆಳಿಗ್ಗೆ ಅವಳು ನುಡಿಸ್ತಾಳೆ, ಮಧ್ಯಾಹ್ನ ಅದರ ಮೇಲೆ ಕೂತು ಇವರು ಅವರೆಕಾಯಿ ಬಿಡಿಸ್ತಾರೆ. ದೇವರ ಮನೆ ಮೇಲಿನ ಗೂಡಿಂದ ಏನಾದ್ರೂ ಬೇಕಿದ್ರೆ ನಾನೇ ತೆಗೆದುಕೊಡಬೇಕು.

ಬೈಟು ಕಾಫಿ
ಬಡಗಿ ನಂಬರ್ ಇನ್‌ಬಾಕ್ಸಿಗೆ ಹಾಕಿ.